ಭೇಟಿಯೇ ಆಗದ ಇಬ್ಬರು: ‘ಕಾಫ್ಕಾ ಆನ್ ದ ಶೋರ್’

ಹರುಕಿ ಮುರಕಾಮಿಯ ಈ ಕಾದಂಬರಿ ಜಪಾನಿನಲ್ಲಿ 2002ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ಫಿಲಿಪ್ ಗೇಬ್ರಿಯಲ್ ಮಾಡಿದ ಇಂಗ್ಲಿಷ್ ಅನುವಾದ 2005ರದು. ಒಟ್ಟು 49 ಅಧ್ಯಾಯ. ಬೆಸ ಸಂಖ್ಯೆಯವು 15 ವರ್ಷದ ಕಾಫ್ಕಾ ತಮುರಾನವು. ಅಪ್ಪ ನುಡಿದ ಭವಿಷ್ಯಕ್ಕೆ ಬೆನ್ನು ಹಾಕಿ ಟೋಕಿಯೊದ ನಕಾನೊದಿಂದ ಶಿಕೋಕು ದ್ವೀಪದ ತಕಾಮತ್ಸುವಿಗೆ ಓಡಿಹೋಗುವ ಹುಡುಗ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಸಮ ಸಂಖ್ಯೆಯವು ಅದೇ ನಕಾನೊದ ಮುದುಕ ನಕಾತಾನವು. ಈತನಿಗೆ ಅಕ್ಷರ ಬಾರದು, ಬೆಕ್ಕುಗಳ ಮಾತು ಬರುತ್ತದೆ. ನೆರಳು ಉಳಿದವರ ನೆರಳಿನ ಅರ್ಧದಷ್ಟೇ.

ಓದುಗರು ಮೊದಲು ಸಿಕ್ಕಿಬೀಳುವುದು 2, 4, 8ನೇ ಅಧ್ಯಾಯಗಳಲ್ಲಿ. 1944ರಲ್ಲಿ ಯಮನಾಶಿಯ ಬೆಟ್ಟಕ್ಕೆ ಅಣಬೆ ಆರಿಸಲು ಹೋದ 16 ಮಕ್ಕಳು ಒಟ್ಟಿಗೇ ಪ್ರಜ್ಞೆ ತಪ್ಪಿದ ಬಗ್ಗೆ ಅಮೆರಿಕನ್ ಸೇನೆಯ ತನಿಖಾ ಕಡತ ಅದು, ಭಾಷೆಯೂ ಕಡತದಷ್ಟೇ ಒಣ. ಹಾರಿಸಿದರೆ ಆ ಮಕ್ಕಳಲ್ಲೊಬ್ಬನಾಗಿದ್ದ ನಕಾತಾ ಯಾಕೆ ಹೀಗಾದ ಎಂಬ ಎಳೆ ಕೈಬಿಡುತ್ತದೆ. ಕಡತದಲ್ಲಿ ಇಲ್ಲದ್ದು 12ನೇ ಅಧ್ಯಾಯದಲ್ಲಿ, ಆ ಮಕ್ಕಳ ಶಿಕ್ಷಕಿಯ ಪತ್ರದಲ್ಲಿದೆ. 16ನೆಯದಕ್ಕೆ ಗಟ್ಟಿ ಮನಸ್ಸು ಬೇಕು: ವಿಸ್ಕಿ ಬಾಟಲಿಯ ಮೇಲಿನ ಜಾನಿ ವಾಕರ್ ವೇಷದವನೊಬ್ಬ ಬೆಕ್ಕುಗಳನ್ನು ಜೀವಂತ ಕೊಯ್ಯುತ್ತಾನೆ.

ಇನ್ನೊಂದು ತೊಡಕು ಕಾಲದ್ದು. ಎರಡು ಎಳೆಗಳು ಒಂದೇ ದಿನಾಂಕದಲ್ಲಿ ಸಾಗುವುದಿಲ್ಲ, ಸಮ ಅಧ್ಯಾಯಗಳು ಹಿಂದೆ ಉಳಿದಿರುತ್ತವೆ. 9ರಲ್ಲಿ ಕಾಫ್ಕಾ ದೇಗುಲದ ಹಿಂದೆ ಎಚ್ಚರಗೊಂಡಾಗ ಅಂಗಿಯ ತುಂಬ ರಕ್ತ. 16ರಲ್ಲಿ ಚಾಕು ಹಿಡಿಯುವ ನಕಾತಾ 18ರಲ್ಲಿ ಎದ್ದಾಗ ಬಟ್ಟೆ ಶುಭ್ರ. ಈ ಎರಡು ಪುಟಗಳಿಗೆ ಗುರುತು ಇಟ್ಟುಕೊಳ್ಳಿ. ಇಬ್ಬರೂ ಕೊನೆಯವರೆಗೆ ಭೇಟಿಯಾಗುವುದಿಲ್ಲ, ಆದರೆ ಒಬ್ಬ ಮಾಡಿದ್ದು ಇನ್ನೊಬ್ಬನ ಮೈಗೆ ಅಂಟುತ್ತದೆ. ಮನುಷ್ಯರ ನಂಟಿನ ಬಗ್ಗೆ ಈ ಪುಸ್ತಕ ಹೇಳುವುದೆಲ್ಲ ಇಲ್ಲೇ ಇದೆ. ಮೀನಿನ ಮಳೆ, ಕೆಎಫ್‌ಸಿ ಫಲಕದ ಕರ್ನಲ್ ಸ್ಯಾಂಡರ್ಸ್ ಎಲ್ಲ ಅದರ ಮೇಲಿನ ಒಗ್ಗರಣೆ.

ಬೆಸ ಅಧ್ಯಾಯಗಳ ದೌರ್ಬಲ್ಯ ಮಾತು. ಕಾಫ್ಕಾ ಆಶ್ರಯ ಪಡೆಯುವ ತಕಾಮತ್ಸುವಿನ ಗ್ರಂಥಾಲಯದ ಸಿಬ್ಬಂದಿ ಒಶಿಮಾ ಒಳ್ಳೆಯವನೇ, ಆದರೆ ಗ್ರೀಕ್ ದುರಂತ, ಶೂಬರ್ಟ್ ಎಂದು ರೂಪಕಗಳನ್ನೆಲ್ಲ ತಾನೇ ಬಿಡಿಸಿ ಕೈಗಿಡುತ್ತಾನೆ. ಬಸ್ಸಿನಲ್ಲಿ ಪರಿಚಯವಾದ ಸಕುರಾಳ ಮೇಲೆ ಕಾಫ್ಕಾ ನಡೆಸುವ ಬಲಾತ್ಕಾರವನ್ನು ‘ಕನಸು’ ಎಂಬ ನೆಪದಲ್ಲಿ ದಾಟಿಸಿರುವುದು ನುಂಗಲಾಗದ ತುತ್ತು.

ಹೊಶಿನೊ ಹಾಗಲ್ಲ. ಡ್ರ್ಯಾಗನ್ಸ್ ಬೇಸ್‌ಬಾಲ್ ತಂಡದ ಟೋಪಿಯ ಈ ಲಾರಿ ಡ್ರೈವರ್ ನಕಾತಾನಲ್ಲಿ ತನ್ನ ಅಜ್ಜನನ್ನು ಕಂಡು ಹತ್ತಿಸಿಕೊಳ್ಳುತ್ತಾನೆ, ಅಷ್ಟೇ. ಕಾಫಿ ಅಂಗಡಿಯಲ್ಲಿ ಬೀಥೋವನ್‌ನ ‘ಆರ್ಚ್‌ಡ್ಯೂಕ್’ ತ್ರಯ ಕೇಳಿ ಅವನಿಗೆ ಆಗುವ ಬದಲಾವಣೆ ಕಾಫ್ಕಾನ ಇಡೀ ಕಾಡಿನ ಪಯಣಕ್ಕಿಂತ ನಂಬುವಂತಿದೆ. ಎರಡನೇ ಸಲ ಓದುವಾಗ ಸಮ ಅಧ್ಯಾಯಗಳನ್ನಷ್ಟೇ ಸಾಲಾಗಿ ಓದಬಹುದು. ನಕಾತಾ ಹುಡುಕಿ ಹೋಗುವ, ಇನ್ನೊಂದು ಲೋಕದ ಬಾಗಿಲು ತೆರೆಯುವ ಪ್ರವೇಶದ ಕಲ್ಲನ್ನು ಯಾರು ಯಾಕೆ ಇಟ್ಟರು ಎಂಬುದು ಆಗಲೂ ತಿಳಿಯುವುದಿಲ್ಲ. ಅದು ತಿಳಿಯದೆ ನೆಮ್ಮದಿ ಇಲ್ಲ ಎನ್ನುವವರು ಈ ಪುಸ್ತಕಕ್ಕೆ ದುಡ್ಡು ಹಾಕಬೇಡಿ.