16 ಸಾಲುಗಳಲ್ಲಿ ಕನ್ನಡ: ಪಿಕ್ಸೆಲ್ ಫಾಂಟಿಗೆ ಮೂರು ದಾರಿ

128×64 ಚುಕ್ಕಿಗಳ ಪುಟ್ಟ ಓಎಲ್‌ಇಡಿ ಪರದೆಯಲ್ಲಿ ಕನ್ನಡ ಮೂಡಿಸಲು ಹೊರಟಾಗ, 16 ಸಾಲು ಎತ್ತರದ, ಚುಕ್ಕಿಗಳಿಂದಲೇ ಕಟ್ಟಿದ ಬಿಟ್‌ಮ್ಯಾಪ್ ಫಾಂಟನ್ನು ನಾನೇ ಮಾಡಿಕೊಳ್ಳಬೇಕಾಯಿತು. ಫಾಂಟ್‌ಸ್ಟ್ರಕ್ಟ್, ಬರಿಯ ಟೆಕ್ಸ್ಟ್ ಎಡಿಟರ್, ಫಾಂಟ್‌ಫೋರ್ಜ್ ಎಂಬ ಫಾಂಟ್ ರಚನೆಯ ತಂತ್ರಾಂಶ ಈ ಮೂರಕ್ಕೂ ನಾನು ಒಡ್ಡಿದ ಪರೀಕ್ಷೆ ‘ರಾಷ್ಟ್ರ’ ಎಂಬ ಒಂದೇ ಪದ; ಷಕಾರಕ್ಕೆ ಟ ಮತ್ತು ರ ಎರಡೂ ಒತ್ತಾಗಿ ಬರುವ ಈ ಪದ ಸರಿಯಾಗಿ ಮೂಡಿದರೆ ಉಳಿದವುಗಳ ಚಿಂತೆ ಕಡಿಮೆ.

2008ರಲ್ಲಿ ಆರಂಭವಾದ ಫಾಂಟ್‌ಸ್ಟ್ರಕ್ಟ್ ಬ್ರೌಸರಿನಲ್ಲೇ ನಡೆಯುತ್ತದೆ. ಇಟ್ಟಿಗೆ ಜೋಡಿಸಿದಂತೆ ಅಕ್ಷರ ಕಟ್ಟುವ ಇದರಷ್ಟು ಬೇಗ ಕೈಗೆ ಹತ್ತುವ ಸಾಧನ ಬೇರೊಂದಿಲ್ಲವಾದರೂ, ಒತ್ತಕ್ಷರ ಯಾವಾಗ ಬರಬೇಕೆಂಬ ನಿಯಮ ಬರೆಯಲು ಅಲ್ಲಿ ನನಗೆ ದಾರಿ ಕಾಣಲಿಲ್ಲ.

ಟೆಕ್ಸ್ಟ್ ಎಡಿಟರಿನಲ್ಲಿ ಬಿಡಿಎಫ್ ಕಡತವನ್ನು (ಚುಕ್ಕಿಗಳ ಫಾಂಟನ್ನು ಬರಿಯ ಪಠ್ಯವಾಗಿ ಇಡುವ ಕಡತ) ಕೈಯಾರೆ ಬರೆಯುವುದು ಕೇಳಲು ಹುಚ್ಚುತನ, ಮಾಡಲು ಹಿತ. ಪ್ರತಿ ಸಾಲಿನ ಚುಕ್ಕಿಗಳೂ ಹೆಕ್ಸ್ (16ರ ಆಧಾರದ) ಅಂಕಿಗಳಾಗುತ್ತವೆ. 00111100 ಎಂಬುದು 3ಸಿ ಆಗುತ್ತದೆ. ಈ ಅಳತೆಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಒಂದೆರಡು ಚುಕ್ಕಿಗಳಷ್ಟೇ ಆದ್ದರಿಂದ, ಒಂದನ್ನು ನಕಲಿಸಿ ಒಂದು ಸಾಲು ತಿದ್ದಿದರೆ ಇನ್ನೊಂದು ಸಿದ್ಧ. ತೊಡಕಿರುವುದು ಒತ್ತಿನಲ್ಲಿಯೇ: ಒತ್ತಕ್ಷರಗಳಿಗೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಕೇತವಿಲ್ಲ. ಬಿಡಿಎಫ್‌ನಲ್ಲಿ ಅಂಥವಕ್ಕೆ ಸಂಕೇತದ ಜಾಗದಲ್ಲಿ -1 ಎಂದು ಬರೆಯಬಹುದಾದರೂ, ಪುಟ್ಟ ಪರದೆಗಳ ಮೇಲೆ ಅಕ್ಷರ ಮೂಡಿಸುವ ಯು8ಜಿ2 ಲೈಬ್ರರಿಯ ಫಾಂಟ್ ಪರಿವರ್ತಕಕ್ಕೆ ಅಕ್ಷರಗಳನ್ನು ಸಂಕೇತದಿಂದಲೇ ಆರಿಸಿಕೊಡಬೇಕು. ಹಾಗಾಗಿ ಅವನ್ನೆಲ್ಲ ಇ000ದಿಂದ ಶುರುವಾಗುವ, ಯೂನಿಕೋಡ್ ಯಾವ ಅಕ್ಷರಕ್ಕೂ ಹಂಚದೆ ಬಿಟ್ಟ ಖಾಸಗಿ ಬಳಕೆಯ ವಲಯದಲ್ಲಿ ಕೂರಿಸಿ, ‘ವಿರಾಮದ ನಂತರ ವ್ಯಂಜನ ಬಂದರೆ ಒತ್ತು’ ಎಂಬ ನಿಯಮವನ್ನು (ವಿರಾಮ ಎಂದರೆ ವ್ಯಂಜನದಲ್ಲಿ ಸ್ವರವಿಲ್ಲವೆಂದು ಸೂಚಿಸುವ ಚಿಹ್ನೆ) ನನ್ನ ಪ್ರೋಗ್ರಾಮಿನಲ್ಲೇ ಬರೆದೆ.

ಫಾಂಟ್‌ಫೋರ್ಜ್‌ನಲ್ಲಿ ಇದೇ ನಿಯಮವನ್ನು ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ‘ಬಿಎಲ್‌ಡಬ್ಲ್ಯೂಎಫ್’ (ಅಕ್ಷರದ ಕೆಳಗೆ ಬರುವ ರೂಪ) ಲಕ್ಷಣವಾಗಿ ಫಾಂಟಿನೊಳಗೇ ಇಡಬಹುದು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಜ್ ಅದನ್ನು ಓದಿ ಒತ್ತನ್ನು ತಾನೇ ಜೋಡಿಸುತ್ತದೆ. ಚುಕ್ಕಿಗಳನ್ನು ಚೌಕಗಳಾಗಿಸುವ ಕೆಲಸವನ್ನು ಪೈಥಾನ್ ಸ್ಕ್ರಿಪ್ಟಿಗೆ ಒಪ್ಪಿಸಿದೆ. ಆದರೆ ಎಮ್ ಅಳತೆಯನ್ನು (ಫಾಂಟಿನ ಎತ್ತರವನ್ನು ಎಷ್ಟು ಪಾಲು ಮಾಡಬೇಕೆಂಬ ಸಂಖ್ಯೆ) 1000ಕ್ಕೇ ಬಿಟ್ಟು ಒಂದು ಸಂಜೆ ಕಳೆದುಕೊಂಡೆ, ಏಕೆಂದರೆ ಅದನ್ನು 16ರಿಂದ ಭಾಗಿಸಿದರೆ 62.5 ಬಂದು ಚೌಕಗಳ ಅಂಚು ಹೊಂದುವುದಿಲ್ಲ. 1024 ಮಾಡಿದರೆ ಚೌಕಕ್ಕೆ ಸರಿಯಾಗಿ 64.

ಆದರೂ ನನ್ನ ಪರದೆಯನ್ನು ನಡೆಸುವ, 2 ಕೆಬಿ ರ್‍ಯಾಮ್ ಇರುವ ಆರ್ಡುಯಿನೊ ಉನೊ ಎಂಬ ಪುಟ್ಟ ಬೋರ್ಡಿನಲ್ಲಿ ಹಾರ್ಫ್‌ಬಜ್ ಓಡುವ ಮಾತಿಲ್ಲ. ಆದ್ದರಿಂದ ಬಿಡಿಎಫ್ ಕಡತವನ್ನೇ ಮೂಲವಾಗಿಟ್ಟುಕೊಂಡು, ಕಂಪ್ಯೂಟರಿಗೆ ಬೇಕಾದಾಗ ಮಾತ್ರ ಅದನ್ನು ಫಾಂಟ್‌ಫೋರ್ಜ್‌ಗೆ ಹಾಯಿಸುತ್ತೇನೆ. ‘ರಾಷ್ಟ್ರ’ ಪರದೆಯ ಮೇಲೆ ಓದುವಂತಿದೆ. ಮೂಲಾಕ್ಷರಕ್ಕೆ 9 ಸಾಲು, ಒತ್ತಿಗೆ 5 ಸಾಲು ಕೊಟ್ಟು, ರಕಾರದ ಒತ್ತನ್ನು ಟಕಾರದ ಒತ್ತಿನ ಕೆಳಗಲ್ಲದೆ ಬಲಕ್ಕೆ ಸರಿಸಿದ್ದೇನೆ.