ರೆಡ್‌ಬಸ್: ಬೆಳೆದ ಬಗೆ, ಕೊಟ್ಟ ಅನುಕೂಲ, ಉಳಿದ ಕೆಲಸ

ಬಸ್ ಟಿಕೆಟ್‌ಗಳನ್ನು ಆನ್‌ಲೈನಿನಲ್ಲಿ ಮಾರುವ ರೆಡ್‌ಬಸ್ ಸೇವೆಯ ಗುಣದೋಷಗಳನ್ನು ತೂಗಬೇಕಾದರೆ, 2006ರಲ್ಲಿ ಅದು ಬೆಂಗಳೂರಿನಲ್ಲಿ ಆರಂಭವಾಗುವ ಮೊದಲು ಖಾಸಗಿ ಬಸ್ಸಿನ ಟಿಕೆಟ್ ಕೊಳ್ಳುವುದು ಹೇಗಿತ್ತು ಎಂಬುದನ್ನು ಮೊದಲು ನೆನೆಯಬೇಕು. ಆನಂದರಾವ್ ವೃತ್ತದಲ್ಲೋ ಕಲಾಸಿಪಾಳ್ಯದಲ್ಲೋ ಇದ್ದ ಏಜೆಂಟರ ಮುಂದೆ ಟ್ರಾವೆಲ್ಸ್‌ನವರು ಹಂಚಿಕೊಟ್ಟ ಕೋಟಾದ ಕೆಲವು ಸೀಟುಗಳಷ್ಟೇ ಇರುತ್ತಿದ್ದವು. ಅವು ಮುಗಿದರೆ ಫೋನಿನಲ್ಲಿ ವಿಚಾರಿಸಬೇಕಿತ್ತು, ಇಲ್ಲವೇ ಪಕ್ಕದ ಅಂಗಡಿಗೆ ಹೋಗಬೇಕಿತ್ತು. ಒಬ್ಬ ಏಜೆಂಟರು ‘ಸೀಟಿಲ್ಲ’ ಎಂದಾಗ ಅದರ ಅರ್ಥ ಅವರ ಬಳಿ ಇಲ್ಲವೆಂದೇ ಹೊರತು, ಆ ರಾತ್ರಿ ಹೊರಡುವ ಯಾವ ಬಸ್ಸಿನಲ್ಲೂ ಇಲ್ಲವೆಂದಲ್ಲ.

2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಫಣೀಂದ್ರ ಸಾಮ ಅವರಿಗೆ ಟಿಕೆಟ್ ಸಿಗದೇ ಹೋದದ್ದು ಈ ಕಂಪನಿಯ ಹುಟ್ಟಿಗೆ ಕಾರಣವಾಯಿತೆಂಬುದು ಬಹುಮಂದಿಗೆ ತಿಳಿದ ಸಂಗತಿ. ಅದಕ್ಕಿಂತ ಮುಖ್ಯವಾದದ್ದು ಅನಂತರ ನಡೆದದ್ದು. ಅವರೂ ಅವರ ಜೊತೆಗಾರರಾದ ಚರಣ್ ಪದ್ಮರಾಜು ಮತ್ತು ಸುಧಾಕರ್ ಪಸುಪುನೂರಿ ಅವರೂ ಮೊದಲು ಯೋಚಿಸಿದ್ದು ಟಿಕೆಟ್ ಮಾರುವುದನ್ನಲ್ಲ, ಬಸ್ ಮಾಲೀಕರು ತಮ್ಮ ಸೀಟುಗಳ ಲೆಕ್ಕ ಇಟ್ಟುಕೊಳ್ಳಲು ನೆರವಾಗುವ ತಂತ್ರಾಂಶವನ್ನು. ಮಾಲೀಕರು ಅದರಲ್ಲಿ ಆಸಕ್ತಿ ತೋರದಿದ್ದಾಗ, ಅವರಿಗೆ ನಿಜವಾಗಿ ಬೇಕಿದ್ದದ್ದು ಪ್ರಯಾಣಿಕರೇ ಎಂಬುದನ್ನರಿತು ಅವರ ಸೀಟುಗಳನ್ನು ಮಾರಿಕೊಡಲು ತೊಡಗಿದರು. ಮಾರಾಟದಿಂದ ನಂಬಿಕೆ ಬೆಳೆದ ಮೇಲೆ ‘ಬಾಸ್’ ಎಂಬ ಹೆಸರಿನ ತಂತ್ರಾಂಶವೂ ಮಾಲೀಕರ ಕಚೇರಿಗಳನ್ನು ಹೊಕ್ಕಿತು. ಹಾಳೆಯ ಚಾರ್ಟಿನಲ್ಲಿದ್ದ ಸೀಟುಗಳು ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುವಂತಾದದ್ದೇ ರೆಡ್‌ಬಸ್‌ನ ಬೆಳವಣಿಗೆಯ ತಿರುಳು ಎಂದು ನಾನು ತಿಳಿದಿದ್ದೇನೆ. ಜಾಹೀರಾತು, ರಿಯಾಯಿತಿಗಳೆಲ್ಲ ಅದರ ಮೇಲೆ ಬಂದವು.

2007ರಲ್ಲಿ ಸೀಡ್‌ಫಂಡ್ ಸಂಸ್ಥೆ ಬಂಡವಾಳ ಹೂಡಿತು. 2013ರಲ್ಲಿ ಆನ್‌ಲೈನ್ ಪ್ರವಾಸ ಸೇವೆಗಳ ಐಬಿಬೊ ಸಮೂಹ ಕಂಪನಿಯನ್ನೇ ಕೊಂಡಿತು. 2017ರ ಆರಂಭದಲ್ಲಿ ಐಬಿಬೊ ಅದೇ ಕ್ಷೇತ್ರದ ಮೇಕ್‌ಮೈಟ್ರಿಪ್‌ನೊಂದಿಗೆ ಸೇರಿದ್ದರಿಂದ ರೆಡ್‌ಬಸ್ ಕೂಡ ಅದರ ತೆಕ್ಕೆಗೆ ಬಂತು. ಹೊರದೇಶಗಳ ಪೈಕಿ ಅದು ಕಾಲಿಟ್ಟದ್ದು ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ, ಪೆರು, ಕೊಲಂಬಿಯಾ ಮೊದಲಾದ ಕಡೆಗಳಲ್ಲಿ. ದೂರದ ಊರುಗಳ ನಡುವಿನ ಬಸ್ಸುಗಳು ಹಲವು ಮಾಲೀಕರ ಕೈಯಲ್ಲಿ ಹಂಚಿಹೋಗಿರುವ ಕಡೆಗಳಲ್ಲೇ ಇಂಥ ಸೇವೆಗೆ ಹೆಚ್ಚು ಕೆಲಸವಿರುತ್ತದೆ.

ಬಳಕೆದಾರನಾಗಿ ಹೇಳುವುದಾದರೆ, ಟಿಕೆಟ್ ಕಾಯ್ದಿರಿಸುವ ಕ್ರಮ ಅಚ್ಚುಕಟ್ಟಾಗಿದೆ. ಸ್ಲೀಪರ್ ಬಸ್ಸಿನ ಮೇಲಿನ ಮತ್ತು ಕೆಳಗಿನ ಬರ್ತ್‌ಗಳು, ಕಿಟಕಿಯ ಪಕ್ಕದ ಸೀಟು, ಮಹಿಳೆಯರಿಗೆ ಮೀಸಲಾದ ಸೀಟು ಎಲ್ಲವೂ ಪಟದಲ್ಲಿ ತಿಳಿಯಾಗಿ ಕಾಣುತ್ತವೆ; ಮಡಿವಾಳದಲ್ಲಿ ಹತ್ತಬೇಕೋ ಮೆಜೆಸ್ಟಿಕ್ ಬಳಿ ಹತ್ತಬೇಕೋ ಎಂಬುದನ್ನು ಸಮಯದೊಡನೆ ಆರಿಸಿಕೊಳ್ಳಬಹುದು. ಒಂಟಿಯಾಗಿ ರಾತ್ರಿ ಪ್ರಯಾಣಿಸುವವರಿಗೆ, ಬಸ್ಸು ಎಲ್ಲಿದೆ ಎಂಬುದನ್ನು ಮೊಬೈಲಿನಲ್ಲಿ ನೋಡುವ ಸೌಲಭ್ಯ ಬಹಳ ದೊಡ್ಡದು. ಟಿಕೆಟ್ ರದ್ದುಪಡಿಸುವ ನಿಯಮ ಮಾತ್ರ ಮಾಲೀಕರಿಂದ ಮಾಲೀಕರಿಗೆ ಬೇರೆಯಾಗಿರುವುದರಿಂದ, ಹಣ ಕಟ್ಟುವ ಮುನ್ನ ಅದನ್ನು ಪೂರ್ತಿ ಓದುವುದು ಒಳ್ಳೆಯದು. ಕೆಎಸ್‌ಆರ್‌ಟಿಸಿ ಬಸ್ಸಿಗಾದರೆ ನಿಗಮದ ಸ್ವಂತ ಜಾಲತಾಣವನ್ನೂ ಒಮ್ಮೆ ನೋಡಿ ಹೋಲಿಸಿಕೊಳ್ಳಬಹುದು.

ಹಬ್ಬದ ದರದ ವಿಷಯ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಗಣೇಶ ಚತುರ್ಥಿ, ದಸರಾ, ದೀಪಾವಳಿಗಳ ಹಿಂದಿನ ದಿನಗಳಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಿಗೆ ಹೋಗುವ ಖಾಸಗಿ ಬಸ್ಸುಗಳ ದರ ಹೇಗೆ ಏರುತ್ತದೆಂಬುದು ಪ್ರಯಾಣಿಕರಿಗೆಲ್ಲ ಗೊತ್ತು. ದರ ನಿಗದಿ ಮಾಡುವವರು ಬಸ್ ಮಾಲೀಕರೇ ಎಂಬುದು ನಿಜ. ಆದರೆ ಯಾವ ಸೀಟು ಖಾಲಿ ಇದೆಯೆಂಬುದು ಪ್ರಯಾಣಿಕರಿಗೆ ಕಾಣುವಂತೆ ಮಾಡಿದ ಅದೇ ವ್ಯವಸ್ಥೆ, ಬೇಡಿಕೆ ಎಷ್ಟಿದೆಯೆಂಬುದನ್ನು ಮಾಲೀಕರಿಗೂ ತೋರಿಸಿಕೊಡುತ್ತದೆ. ಹಬ್ಬಕ್ಕೆ ಊರಿಗೆ ಹೋಗಲೇಬೇಕಾದ ಕಟ್ಟಡ ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ನೆನೆದಾಗ, ಅದೇ ಮಾರ್ಗದ ಮಾಮೂಲಿ ದಿನದ ದರವನ್ನೂ ಹಬ್ಬದ ದರದ ಪಕ್ಕದಲ್ಲಿ ಕಾಣಿಸುವುದು ನ್ಯಾಯವೆಂದು ನನಗನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಮಿಗಿಲಾಗಿ ಕಾಡುವುದು ಸುರಕ್ಷತೆ. ಪ್ರಯಾಣಿಕರು ಕೊಡುವ ಅಂಕಗಳು ಹೊದಿಕೆಯ ಶುಚಿ, ಸಿಬ್ಬಂದಿಯ ನಡವಳಿಕೆ, ಸಮಯಪಾಲನೆಗಳನ್ನು ಚೆನ್ನಾಗಿ ಅಳೆಯುತ್ತವೆ. ತುರ್ತು ಬಾಗಿಲು ತೆರೆಯುತ್ತದೆಯೇ, ಬೆಂಕಿ ಆರಿಸುವ ಸಾಧನ ಕೆಲಸ ಮಾಡುತ್ತದೆಯೇ ಎಂಬುದನ್ನು ಮಲಗಿ ಪ್ರಯಾಣಿಸಿದವರು ಹೇಳಲಾರರು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಖಾಸಗಿ ವೋಲ್ವೊ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. 2025ರ ಅಕ್ಟೋಬರಿನಲ್ಲಿ ಕರ್ನೂಲಿನ ಬಳಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸಿಗೆ ಬೆಂಕಿ ಬಿದ್ದು ಮತ್ತೆ ಅನೇಕರು ಪ್ರಾಣ ಕಳೆದುಕೊಂಡರು. ಬಸ್ಸಿನ ನೋಂದಣಿ ಸಂಖ್ಯೆ ಗೊತ್ತಿದ್ದರೆ ಅದರ ಫಿಟ್ನೆಸ್ ಪ್ರಮಾಣಪತ್ರ ಮತ್ತು ವಿಮೆಯ ಅವಧಿಯನ್ನು ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಆ ಸಂಖ್ಯೆ ಸಾಮಾನ್ಯವಾಗಿ ಕೈಸೇರುವುದು ಹೊರಡುವ ಹೊತ್ತು ಹತ್ತಿರ ಬಂದಾಗ, ಅಂದರೆ ಹಣ ಕಟ್ಟಿಯಾದ ಮೇಲೆ. ಇಷ್ಟೊಂದು ಮಾಲೀಕರ ಬಸ್ಸುಗಳನ್ನು ಮಾರುವ ಸೇವೆಯು ಫಿಟ್ನೆಸ್ ಮತ್ತು ವಿಮೆಯ ಅವಧಿ ಮುಗಿಯುವ ದಿನಾಂಕಗಳನ್ನು ಟಿಕೆಟ್ ದರದಷ್ಟೇ ದೊಡ್ಡ ಅಕ್ಷರಗಳಲ್ಲಿ ತೋರಿಸಬೇಕು ಮತ್ತು ಅವಧಿ ಮುಗಿದ ಬಸ್ಸಿನ ಸೀಟುಗಳನ್ನು ಮಾರಲೇಬಾರದು.