ಹೊಲಿಗೆ ಇದ್ದದ್ದು, ಇಲ್ಲದ್ದು: ಒಂದೇ ಮಗುವಿಗೆ ಮೂರು ಕ್ರೋಶಾ ಜಾಕೆಟ್

ಬಳ್ಳಾರಿಯಲ್ಲಿ ಸ್ವೆಟರ್ ಹಾಕೋದು ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ತಿಂಗಳು. ಅದೂ ಬೆಳಗ್ಗೆ ಹಾಲು ತರೋ ಹೊತ್ತಿಗೆ ಮಾತ್ರ. ಅಂಥ ಊರಲ್ಲಿ ಕೂತು ನಾನು ಒಂದೇ ಮಗುವಿಗೆ ಮೂರು ಉಲ್ಲನ್ ಜಾಕೆಟ್ ಹೆಣೆದೆ. ಮಗು ನನ್ನ ಅಣ್ಣನ ಮೊಮ್ಮಗಳು. ಆಗ ಅವಳಿಗೆ 4 ವರ್ಷ, ಇರೋದು ಬೆಂಗಳೂರಲ್ಲಿ. ಒಂದು ಜಾಕೆಟ್ ಸಾಕಾಗಿತ್ತು. ಉಳಿದ ಎರಡು ಹಟಕ್ಕೆ ಆದವು.

ಹಟ ಹತ್ತಿಸಿದವಳು ಪಕ್ಕದ ಮನೆ ಹುಡುಗಿ. ಯೂಟ್ಯೂಬ್ ನೋಡಿ ಕ್ರೋಶಾ ಕಲಿತವಳು. ನಾನು ಜಾಕೆಟ್ಟಿನ ಬೆನ್ನಿನ ಭಾಗ ಹೆಣೆಯುತ್ತಾ ಕೂತಿದ್ದೆ. "ಅಕ್ಕಾ, ಕುತ್ತಿಗಿಯಿಂದ ಕೆಳಗ ಹೆಣೀರಿ, ಹೊಲಿಗೀನ ಬ್ಯಾಡ" ಅಂದಳು. ನನಗೆ ನಗು ಬಂತು. ನಾನು 14 ವರ್ಷ ಜೀನ್ಸ್ ಹೊಲಿಯೋ ಯೂನಿಟ್ಟಲ್ಲಿ ಕೆಲಸ ಮಾಡಿದವಳು. ಹೊಲಿಗೆ ಇಲ್ಲದ ಬಟ್ಟೆ ಅಂದರೆ ನನಗೆ ಸೀರೆ, ಪಂಚೆ, ಟವೆಲ್ಲು. ಎರಡು ತೋಳಿರೋ ಜಾಕೆಟ್ ಹೊಲಿಗೆ ಇಲ್ಲದೆ ಹೆಂಗಾಗುತ್ತೆ?

ಹೋಲಿಕೆ ಸರಿಯಾಗಿ ಬರಲಿ ಅಂತ ಮೂರಕ್ಕೂ ಒಂದೇ ದಪ್ಪದ ಅಕ್ರಿಲಿಕ್ ಉಲ್ಲನ್, ಒಂದೇ 4 ಎಂಎಂ ಕಡ್ಡಿ ಹಿಡಿದೆ. ನನ್ನ ಕೈಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 16 ಕಂಬ ಬರುತ್ತವೆ, 20 ಸೆಂಟಿಮೀಟರ್ ಎತ್ತರಕ್ಕೆ 17 ಸಾಲು. ಕಂಬ ಅಂದರೆ ನಮ್ಮ ಮನೆ ಮಾತಲ್ಲಿ, ಕಡ್ಡಿಗೆ ಒಂದು ಸುತ್ತು ದಾರ ಹಾಕಿಕೊಂಡು ಎರಡು ಸಲ ಎಳೆಯೋ ಹೆಣಿಗೆ. ಇದಕ್ಕೆ ಅಮೆರಿಕದವರು ಡಬಲ್ ಕ್ರೋಶಾ ಅಂತಾರೆ, ಇಂಗ್ಲೆಂಡಿನವರು ಟ್ರೆಬಲ್ ಅಂತಾರೆ. ಇಂಗ್ಲೆಂಡಿನ ಡಬಲ್ ಅಂದರೆ ಅಮೆರಿಕದ ಸಿಂಗಲ್, ಕಂಬಕ್ಕಿಂತ ಗಿಡ್ಡ ಹೆಣಿಗೆ. ಇದು ಗೊತ್ತಿಲ್ಲದೆ ನಾನು ಹಿಂದೊಮ್ಮೆ ಹಳೇ ಪುಸ್ತಕ ನೋಡಿ ಟಿ.ವಿ. ಕವರ್ ಹಾಕಿದ್ದೆ. ಅದು ಟಿ.ವಿ.ಗೆ ಆಗಲಿಲ್ಲ, ಮಿಕ್ಸಿಗೆ ಆಯ್ತು.

ಮೊದಲನೇ ಜಾಕೆಟ್ ನನ್ನ ಹಳೇ ದಾರಿಯದು. ಬೆನ್ನು ಒಂದು, ಮುಂಭಾಗ ಎರಡು, ತೋಳು ಎರಡು. ಐದೂ ಬೇರೆ ಬೇರೆ, ಕೆಳಗಿನಿಂದ ಮೇಲಕ್ಕೆ ಹೆಣೆದು ಕೊನೆಗೆ ಕೂಡಿಸೋದು. ಇದರ ದೊಡ್ಡ ಸುಖ ಅಂದರೆ ತುಂಡು ಸಣ್ಣದು. ಕೈಚೀಲದಲ್ಲಿ ಹಾಕಿಕೊಂಡು ಎಲ್ಲಿ ಬೇಕಾದರೂ ಕೂರಬಹುದು. ಬ್ಯಾಂಕಿನ ಸಾಲಲ್ಲಿ ಕೂತು ಅರ್ಧ ತೋಳು ಮುಗಿಸಿದ್ದೇನೆ. ಒಂದು ತುಂಡು ಕೆಟ್ಟರೆ ಅದೊಂದನ್ನೇ ಬಿಚ್ಚಿದರಾಯ್ತು, ಉಳಿದ ನಾಲ್ಕಕ್ಕೆ ಏನೂ ಆಗಲ್ಲ.

ಆದರೆ ನಾನು ಎಡವಿದ್ದು ಬಣ್ಣದಲ್ಲಿ. ನಡುವೆ ಉಲ್ಲನ್ ಸಾಲದೆ ಬಂತು. ಅಂಗಡಿಗೆ ಹೋಗಿ ಅದೇ ಹಳದಿ, ಅದೇ ನಂಬರ್ ಅಂತ ಎರಡು ಉಂಡೆ ತಂದೆ. ಲೇಬಲ್ ಮೇಲೆ ಬಣ್ಣದ ನಂಬರಿನ ಜೊತೆಗೆ ಲಾಟ್ ನಂಬರ್ ಅಂತ ಇನ್ನೊಂದು ಇರುತ್ತೆ, ಒಂದೇ ಸಲ ಬಣ್ಣ ಅದ್ದಿದ ಉಂಡೆಗಳಿಗೆ ಒಂದೇ ನಂಬರ್. ಅದನ್ನು ನೋಡಲಿಲ್ಲ. ರಾತ್ರಿ ಬಲ್ಬಿನ ಬೆಳಕಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಳಗ್ಗೆ ಮಾಳಿಗೆ ಮೇಲೆ ಹಿಡಿದು ನೋಡ್ತೀನಿ, ಬಲಗೈ ಅರಿಶಿನ, ಎಡಗೈ ನಿಂಬೆಹಣ್ಣು. ನಾಚಿಕೆ ಆಗಿದ್ದು ಯಾಕೆ ಅಂದರೆ, ಯೂನಿಟ್ಟಲ್ಲಿ ನಾನು ಮೊದಲು ಕಲಿತ ಕೆಲಸವೇ ಅದು. ಬಟ್ಟೆ ಕತ್ತರಿಸಿದ ಕೂಡಲೇ ಪ್ರತಿ ತುಂಡಿಗೂ ನಂಬರ್ ಚೀಟಿ ಅಂಟಿಸಬೇಕು. ಒಂದು ಥಾನಿನ ನೀಲಿ ಇನ್ನೊಂದು ಥಾನಿನ ನೀಲಿಗೆ ಕೂಡಲ್ಲ. ಬೇರೆ ಥಾನಿನ ಕಾಲು ಸೇರಿಸಿ ಹೊಲಿದರೆ ಒಗೆದ ಮೇಲೆ ಪ್ಯಾಂಟಿನ ಎರಡು ಕಾಲು ಎರಡು ಬಣ್ಣ. ಅಲ್ಲಿ ಸಾವಿರಗಟ್ಟಲೆ ಚೀಟಿ ಅಂಟಿಸಿದ ಕೈ ಮನೇಲಿ ಎರಡು ಉಂಡೆ ನೋಡಲಿಲ್ಲ.

ಹೊಲಿಯೋಕೆ ಮೂರು ಸಂಜೆ ಹಿಡಿಯಿತು. ಹೊರಗಿಂದ ಚೆಂದ ಕೂತಿತು, ಭುಜ ನೆಟ್ಟಗೆ ನಿಂತಿತು, ಸುಳ್ಳು ಹೇಳಬಾರದು. ಒಳಗೆ ಕಂಕುಳ ಹತ್ತಿರ ನಾಲ್ಕು ಹೊಲಿಗೆ ಬಂದು ಸೇರೋ ಜಾಗದಲ್ಲಿ ಮಾತ್ರ ಒಂದು ಗಂಟು. ಮಗು ಹಾಕಿಕೊಂಡ ಐದೇ ನಿಮಿಷಕ್ಕೆ "ಚುಚ್ಚುತ್ತೆ" ಅಂದಳು. ತೋಳು ಬೇರೆ ಎರಡು ಬೆರಳು ಗಿಡ್ಡ. ಅಳತೆ ತಗೊಂಡಾಗ ಸರಿ ಇತ್ತು, ಮಗು ನಿಂತಲ್ಲೇ ನಿಲ್ಲಬೇಕಲ್ಲ!

ಇನ್ನು ಹುಡುಗಿ ಹೇಳಿದ ದಾರಿ, ರಾಗ್ಲಾನ್. ಹೆಸರು ಬಂದದ್ದು ಒಬ್ಬ ಬ್ರಿಟಿಷ್ ಸೇನಾಧಿಕಾರಿಯಿಂದ. ಫಿಟ್ಜ್‌ರಾಯ್ ಸಾಮರ್ಸೆಟ್ ಅಂತ. 1815ರ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ, ಮುಂದೆ ಲಾರ್ಡ್ ರಾಗ್ಲಾನ್ ಆದ. ತೋಳಿನ ಹೊಲಿಗೆ ಭುಜದ ತುದಿಗೆ ಬರದೆ ಕಂಕುಳಿಂದ ಕತ್ತಿನವರೆಗೆ ಓರೆಯಾಗಿ ಹೋಗೋ ಕೋಟು ಅವನ ಹೆಸರಲ್ಲಿ ನಿಂತಿತು. 1854ರಲ್ಲಿ ಕ್ರಿಮಿಯಾದ ಬಾಲಕ್ಲಾವಾದಲ್ಲಿ ನಡೆದ ಕಾಳಗಕ್ಕೆ ಅವನೇ ಬ್ರಿಟಿಷರ ಸೇನಾಪತಿ. ಅದೇ ಕಾಳಗದಲ್ಲಿ ಕುದುರೆ ಪಡೆ ನುಗ್ಗಿಸಿದವನು ಲಾರ್ಡ್ ಕಾರ್ಡಿಗನ್, ಮುಂದೆ ಗುಂಡಿ ಇರೋ ಸ್ವೆಟರಿಗೆ ಅವನ ಹೆಸರೇ. ನಾವು ಮಂಕಿ ಕ್ಯಾಪ್ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಬಾಲಕ್ಲಾವಾ ಅಂತಲೇ ಹೆಸರು. ಒಂದು ಯುದ್ಧದಿಂದ ಚಳಿಗಾಲದ ಮೂರು ಬಟ್ಟೆಗೆ ಹೆಸರು ಸಿಕ್ಕಿತು ನೋಡಿ.

ಹೆಣೆಯೋದು ಹೀಗೆ. ಕತ್ತಿನ ಸುತ್ತಳತೆಗೆ ಚೈನ್ (ಕುಣಿಕೆಯೊಳಗೆ ಕುಣಿಕೆ ಎಳೆದ ಸರಪಳಿ) ಹಾಕಿ ಐದು ಪಾಲು ಮಾಡಬೇಕು: ಮುಂಭಾಗ, ತೋಳು, ಬೆನ್ನು, ತೋಳು, ಮುಂಭಾಗ. ನನ್ನದು 48 ಕಂಬ. ಬೆನ್ನಿಗೆ 16, ಉಳಿದ ನಾಲ್ಕಕ್ಕೆ ಎಂಟೆಂಟು. ಪಾಲಿಗೂ ಪಾಲಿಗೂ ನಡುವೆ ಒಂದು ಚೈನಿನ ಮೂಲೆ. ಹೀಗೆ ನಾಲ್ಕು ಮೂಲೆ. ಪ್ರತಿ ಸಾಲಲ್ಲೂ ಆ ಮೂಲೆಯಲ್ಲೇ ಹೆಚ್ಚಿಸುತ್ತಾ ಇಳಿಯೋದು. ಬಾಕಿ ಕಡೆ ಕಂಬದ ಮೇಲೆ ಕಂಬ, ಅಷ್ಟೇ. ಅತ್ತೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ನೋಡಿದರು. "ಮನಿ ಕಟ್ಟೋರು ತಳಪಾಯದಿಂದ ಕಟ್ಟತಾರ, ನೀ ಮಾಳಿಗಿಯಿಂದ ಇಳಿಸಾಕತ್ತೀಯಲ್ಲ" ಅಂದರು.

ಮೊದಲು ಪ್ರತಿ ಮೂಲೆಯಲ್ಲಿ ಒಂದು ಕಂಬ, ಒಂದು ಚೈನ್, ಒಂದು ಕಂಬ ಹಾಕಿದೆ. ಸಾಲಿಗೆ 8 ಹೆಚ್ಚುತ್ತವೆ. ಎದೆಗೆ ಬೇಕಾದ ಅಗಲ ಬರೋಕೆ 16 ಸಾಲು ಬೇಕಾಯ್ತು. ಅಷ್ಟೊತ್ತಿಗೆ ಆಳ 19 ಸೆಂಟಿಮೀಟರ್ ಹತ್ತಿರ. 4 ವರ್ಷದ ಮಗುವಿಗೆ ಕಂಕುಳು ಹೊಟ್ಟೆ ಹತ್ತಿರ ಬಂತು, ಬಾವಲಿ ರೆಕ್ಕೆ ಥರ. ಬಿಚ್ಚಿದೆ. ಎರಡನೇ ಸಲ ಮೂಲೆಯಲ್ಲಿ ಎರಡು ಕಂಬ, ಚೈನ್, ಎರಡು ಕಂಬ. ಸಾಲಿಗೆ 16 ಹೆಚ್ಚಿ 8 ಸಾಲಿಗೇ ಅದೇ ಎಣಿಕೆ ಬಂತು. ಆದರೆ ಆಳ ಒಂಬತ್ತೂವರೆ ಸೆಂಟಿಮೀಟರ್ ಕೂಡ ಇಲ್ಲ, ಕಂಕುಳಲ್ಲಿ ಕಚ್ಚುತ್ತೆ. ಮತ್ತೆ ಬಿಚ್ಚಿದೆ. ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿಂದ ಲೆಕ್ಕ ಹಾಕಿದೆ. 8 ಸಾಲು ಒಂದೊಂದರಂತೆ, 4 ಸಾಲು ಎರಡೆರಡರಂತೆ, ಬೆರೆಸಿ ಹಾಕಿದರೆ ಒಟ್ಟು 12 ಸಾಲು, ಆಳ 14 ಸೆಂಟಿಮೀಟರ್. ಸರಿಯಾಗಿ ಕೂತಿತು.

ಈ ಮೂರು ಸಲವೂ ಕಂಬದ ಎಣಿಕೆ ಒಂದೇ: ಬೆನ್ನಿಗೆ 48, ಎರಡು ಮುಂಭಾಗಕ್ಕೆ 24ರಂತೆ 48, ಒಂದೊಂದು ತೋಳಿಗೆ 40. ಬದಲಾದದ್ದು ಆಳ ಮಾತ್ರ. ಕಂಬ ಎತ್ತರದ ಹೆಣಿಗೆ. ಸಿಂಗಲ್ ಕ್ರೋಶಾಕ್ಕೆ ಬರೆದ ಲೆಕ್ಕ ಇದಕ್ಕೆ ಹೊಂದಲ್ಲ. ವಿಡಿಯೋದಲ್ಲಿ ಸುಮ್ನೆ "ಮೂಲೆಯಲ್ಲಿ ಹೆಚ್ಚಿಸಿ" ಅಂತ ಹೇಳಿ ಮುಂದೆ ಹೋಗ್ತಾರೆ. ಎಲ್ಲ ಇರೋದು ಅಲ್ಲೇ.

ಆಮೇಲೆ ತೋಳಿನ ಕಂಬಗಳನ್ನು ಹಾಗೇ ಬಿಟ್ಟು, ಕಂಕುಳಿಗೆ 4 ಚೈನ್ ಹಾಕಿ, ಬೆನ್ನಿಗೂ ಮುಂಭಾಗಕ್ಕೂ ಸೇರಿಸಿಕೊಂಡು ಹೋಗೋದು. ಮೈಗೆ 104 ಕಂಬ ಆಯ್ತು, 65 ಸೆಂಟಿಮೀಟರ್. ಮಗುವಿನ ಎದೆ 57, ಸಡಿಲಕ್ಕೆ 8. ಮೈ ಮುಗಿದ ಮೇಲೆ ಬಿಟ್ಟ ತೋಳಿಗೆ ದಾರ ಕಟ್ಟಿ ಸುತ್ತ ಹೆಣೆಯಬೇಕು. ಇಲ್ಲಿ ಎರಡು ತರಲೆ ಇವೆ. ಕಂಕುಳ ಎರಡೂ ತುದಿಗೆ ತೂತು ಬೀಳುತ್ತೆ. ಅಲ್ಲಿ ಒಂದೊಂದು ಕಂಬ ಜಾಸ್ತಿ ಎತ್ತಿಕೊಂಡು ಮುಂದಿನ ಸುತ್ತಲ್ಲಿ ಪಕ್ಕದ ಕಂಬದ ಜೊತೆ ಕೂಡಿಸಿದರೆ ಮುಚ್ಚುತ್ತೆ. ಎರಡನೆಯದು ಕಣ್ಣಿಗೆ ಕಾಣೋದು. ಮೈ ಹೆಣೆದದ್ದು ಹೋಗಿ ತಿರುಗಿ ಬರೋ ಸಾಲಲ್ಲಿ. ತೋಳನ್ನು ಒಂದೇ ದಿಕ್ಕಿಗೆ ಸುತ್ತುತ್ತಾ ಹೋದರೆ ಹೆಣಿಗೆಯ ಮುಖವೇ ಬೇರೆ ಕಾಣುತ್ತೆ, ಕಂಬಗಳು ನಿಧಾನಕ್ಕೆ ಒಂದು ಕಡೆ ವಾಲುತ್ತವೆ. ಪ್ರತಿ ಸುತ್ತು ಮುಗಿದಾಗ ಕೂಡಿಸಿ, ತಿರುಗಿಸಿ, ವಾಪಸ್ ಹೆಣೆದರೆ ಮೈಗೂ ತೋಳಿಗೂ ಒಂದೇ ಮುಖ. ಎಡಗೈ ಮುಗಿಸಿದ ಮೇಲೆ ಇದು ಗೊತ್ತಾಯ್ತು. ಹೌದು, ಅದನ್ನೂ ಬಿಚ್ಚಿದೆ.

ಇಷ್ಟೆಲ್ಲ ಬಿಚ್ಚಿದರೂ ನಾನು ಈ ದಾರಿಗೆ ಸೋತದ್ದು ಯಾಕೆ ಅಂದರೆ, ನಡುವೆ ಹಾಕಿ ನೋಡಬಹುದು. ಯುಗಾದಿಗೆ ಮಗು ಊರಿಗೆ ಬಂದಾಗ ಜಾಕೆಟ್ ಎದೆವರೆಗೆ ಆಗಿತ್ತು. ಕಡ್ಡಿ ತೆಗೆದು, ಕೊನೇ ಕುಣಿಕೆಗೆ ಪಿನ್ನು ಚುಚ್ಚಿ, ಹೆಗಲ ಮೇಲೆ ಹಾಕಿದೆ. ಕತ್ತು ಸ್ವಲ್ಪ ಬಿಗಿ ಅಂತ ಅಲ್ಲೇ ಕಂಡಿತು. ಮುಂದೂ ಹಿಂದೂ ಒಂದೇ ಎತ್ತರ ಇಟ್ಟಿದ್ದೆ, ಗಂಟಲಿಗೆ ಒತ್ತುತ್ತಿತ್ತು. ಬೆನ್ನಿನ ಕಡೆ ಮಾತ್ರ ಎರಡು ಅರ್ಧ ಸಾಲು ಸೇರಿಸಿದರೆ ಹಿಂದೆ ಎತ್ತರವಾಗಿ ಮುಂದೆ ಇಳಿಯುತ್ತೆ. ಚೈನಿನ ಕಡೆಯಿಂದ ದಾರ ಕಟ್ಟಿ ಹಾಗೇ ಮಾಡಿದೆ. ಐದು ತುಂಡಿನ ಜಾಕೆಟ್ಟಲ್ಲಿ ಇದು ಗೊತ್ತಾಗೋದು ಎಲ್ಲ ಹೊಲಿದ ಮೇಲೆ.

ಕಷ್ಟ ಇಲ್ಲ ಅಂತಲ್ಲ. ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ ಇಡೀ ಜಾಕೆಟ್ ತೊಡೆ ಮೇಲೆ ಇಟ್ಟುಕೊಂಡು ಕೂರೋದು ಅಂದರೆ ಒಲೆ ಮುಂದೆ ಕಂಬಳಿ ಹೊದ್ದ ಹಾಗೆ. ತೋಳು ಹೆಣೆಯುವಾಗ ಪ್ರತಿ ಸುತ್ತಿಗೂ ಇಡೀ ಮೈಯನ್ನೇ ತಿರುಗಿಸಬೇಕು. ಕರೆಂಟ್ ಹೋದ ಮಧ್ಯಾಹ್ನ ಎಲ್ಲ ಎತ್ತಿಟ್ಟು ಮಂಡಕ್ಕಿ ಒಗ್ಗರಣೆ ಮಾಡಿದ್ದೂ ಇದೆ.

ಮೂರನೆಯದು ಅದರ ತಂಗಿ, ದುಂಡು ಕತ್ತಿನದು. ಮೂಲೆ ಇರಲ್ಲ. ಹೆಚ್ಚಿಸೋದನ್ನು ಸುತ್ತಲೂ ಸಮನಾಗಿ ಹಂಚಬೇಕು, ಎಲ್ಲ ಸಾಲಲ್ಲೂ ಅಲ್ಲ, ನಡುನಡುವೆ. ಬಣ್ಣದ ಪಟ್ಟಿ ಹಾಕಿದರೆ ಕತ್ತಿನ ಸುತ್ತ ರಂಗೋಲಿ ಥರ ಕೂರುತ್ತೆ, ಮೂರರಲ್ಲಿ ಕಣ್ಣಿಗೆ ಚೆಂದ ಇದೇ. ಆದರೆ ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹುಡುಕೋಕೆ ಮೂಲೆಗಳೇ ಇಲ್ಲ. ಒಂದು ಕಡೆ ಹೆಚ್ಚಾದರೆ ಲಂಗದ ನೆರಿಗೆ ಥರ ಏಳುತ್ತೆ. ತೋಳು ಎಲ್ಲಿ ಶುರು, ಬೆನ್ನು ಎಲ್ಲಿ ಮುಗೀತು ಅಂತ ಕೊನೆಗೆ ಕೂತು ಪಾಲು ಮಾಡಬೇಕು. ಒಂದು ಹಾಕಿದೆ, ಇನ್ನೊಂದು ಹಾಕಲ್ಲ.

ಎರಡು ಚಳಿಗಾಲ ಆದ ಮೇಲೆ ಮೂರೂ ಜಾಕೆಟ್ ಊರಿಗೆ ಬಂದವು, ಉದ್ದ ಮಾಡಿಸಿಕೊಳ್ಳೋಕೆ. ಕ್ರೋಶಾ ಬಿಚ್ಚೋದು ಮುಗಿಸಿದ ತುದಿಯಿಂದ ಮಾತ್ರ. ಕೆಳಗಿನಿಂದ ಹೆಣೆದದ್ದರ ಮುಗಿದ ತುದಿ ಭುಜದಲ್ಲಿ, ಹೊಲಿಗೆ ಒಳಗೆ ಸಿಕ್ಕಿಕೊಂಡಿದೆ. ಕೆಳ ಅಂಚಿನ ಚೈನಿಗೆ ದಾರ ಕಟ್ಟಿ ಹೆಣೆಯಬಹುದು, ಆದರೆ ಕಂಬಕ್ಕೆ ಕಂಬ ನೇರ ಕೂರದೆ ಪಟ್ಟಿ ಹಚ್ಚಿದ ಹಾಗೆ ಕಾಣುತ್ತೆ. ರಾಗ್ಲಾನಿನ ಮುಗಿದ ತುದಿ ಕೆಳಗೇ ಇದೆ. ಬಾರ್ಡರ್ ಬಿಚ್ಚಿದೆ, ಮೈಗೆ 6 ಸಾಲು, ತೋಳಿಗೆ 5 ಸಾಲು ಸೇರಿಸಿ ಮತ್ತೆ ಬಾರ್ಡರ್ ಹಾಕಿದೆ. ಒಂದೇ ಸಂಜೆ. ಹೊಸ ಉಲ್ಲನ್ನಿನ ಲಾಟ್ ಬೇರೆಯೇ ಇತ್ತು, ಈ ಸಲ ನೋಡಿಯೇ ತಂದಿದ್ದೆ. ಮೈಯಲ್ಲೂ ತೋಳಲ್ಲೂ ಒಂದೇ ಥರ ಅಂಚಿಗೆ ಬಂದಿದ್ದರಿಂದ ಬೇಕಂತಲೇ ಹಾಕಿದ ಬಣ್ಣ ಅಂದುಕೊಂಡರು. ನಾನು ಹೌದು ಅಂದೆ.

ಹಾಗಂತ ದೊಡ್ಡವರಿಗೂ ಇದೇ ಅಂತ ನಾನು ಹೇಳಲ್ಲ. ಈ ಖುಷಿಯಲ್ಲಿ ನನಗೇ ಒಂದು ರಾಗ್ಲಾನ್ ಹಾಕಿಕೊಂಡೆ, ದಪ್ಪ ಹತ್ತಿ ದಾರದಲ್ಲಿ. ಒಗೆದು ತಂತಿ ಮೇಲೆ ನೇತುಹಾಕಿದ್ದೇ ತಪ್ಪು. ನೀರಿನ ಭಾರಕ್ಕೆ ಒಂದು ಗೇಣು ಇಳಿಯಿತು. ಭುಜದಲ್ಲಿ, ಪಕ್ಕದಲ್ಲಿ ತಡೆಯೋಕೆ ಒಂದು ಹೊಲಿಗೆಯೂ ಇಲ್ಲವಲ್ಲ. ಜೀನ್ಸ್ ಪ್ಯಾಂಟಿನ ಪಕ್ಕದ ಹೊಲಿಗೆ ಬರೀ ಎರಡು ತುಂಡು ಕೂಡಿಸೋಕೆ ಇರಲ್ಲ, ಭಾರ ಹೊರೋಕೂ ಇರುತ್ತೆ. ಮಗುವಿನ ಜಾಕೆಟ್ ಹಗುರ, ಅದಕ್ಕೆ ಆ ಹಂಗಿಲ್ಲ. ಈಗ ನನ್ನ ಆ ಹತ್ತಿ ರಾಗ್ಲಾನ್ ಅತ್ತೆಯ ನೈಟಿ ಮೇಲೆ ಹಾಕೋ ಕೋಟು. ಮೊಣಕಾಲವರೆಗೆ ಬರುತ್ತೆ, ಅವರಿಗೆ ಭಾಳ ಇಷ್ಟ.

ಅದಕ್ಕೇ ಯಜಮಾನರ ಜಾಕೆಟ್ ಮತ್ತೆ ಐದು ತುಂಡಲ್ಲೇ ಹೆಣೆಯುತ್ತಿದ್ದೇನೆ. ಉಂಡೆಗಳ ಲಾಟ್ ನಂಬರ್ ಬರೆದ ಚೀಟಿ ಡಬ್ಬಿ ಮೇಲೆ ಅಂಟಿಸಿದ್ದೇನೆ. ಬೆನ್ನು ಮುಗಿದಿದೆ, ಮುಂಭಾಗ ಒಂದಾಗಿದೆ. ಬರೋ ವಾರ ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬೆಂಗಳೂರಿಗೆ ಹೊರಟಿದ್ದೇವೆ. ಎಡಗೈ ರೈಲಿಗೆ ಅಂತ ಇಟ್ಟುಕೊಂಡಿದ್ದೇನೆ.